ಅಳ್ನಾವರದ ಹಾದಿಯಲ್ಲಿ ಮುಶ್ಯಾಗಳ ರಾಜ್ಯ

ಧಾರವಾಡದಿಂದ ಅಳ್ನಾವರದ ರೈಲು ಹತ್ತಿದರೆ ಮುಗದ, ಕಂಬಾರಗಣವಿ ದಾಟುವಷ್ಟರಲ್ಲಿ ನೆಲದ ಬಣ್ಣವೇ ಬದಲಾಗುತ್ತದೆ. ಎರೆಭೂಮಿ ಹಿಂದೆ ಉಳಿದು ಕೆಂಪು ಮಣ್ಣು, ಭತ್ತದ ಗದ್ದೆ, ಸಾಗವಾನಿ, ಬಿದಿರು ಎದುರಾಗುತ್ತವೆ. ಮಲೆನಾಡಿನ ಸೆರಗು ಇದು. ಈ ಕಾಡಂಚಿನ ಚಿರಪರಿಚಿತ ನಿವಾಸಿ ಕಪ್ಪು ಮೋರೆಯ, ನೀಳ ಬಾಲದ ಮುಸಿಯ. ನಮ್ಮ ಕಡೆಯ ಆಡುಮಾತಿನಲ್ಲಿ ಮುಶ್ಯಾ.

ಗಂಡು ಸಿಂಹಗಳು ಜೊತೆಗೂಡಿ ಪರರ ಸೀಮೆಗೆ ನುಗ್ಗುವುದನ್ನು ಮಕ್ಕಳು ಟಿ.ವಿ.ಯಲ್ಲಿ ನೋಡಿರುತ್ತಾರೆ. ಅಂಥದೇ ಕಾಳಗವನ್ನು ವಿಜ್ಞಾನಿಯೊಬ್ಬರು ಧಾರವಾಡದ ಪಶ್ಚಿಮದ ಕಾಡಿನಲ್ಲಿ ಕಂಡು ಬರೆದಿಟ್ಟಿದ್ದಾರೆಂಬುದು ಬಹಳ ಜನರಿಗೆ ತಿಳಿಯದು.

ಜಪಾನಿನ ಯುಕಿಮಾರು ಸುಗಿಯಾಮಾ 1961ರಿಂದ 1963ರವರೆಗೆ ಇಲ್ಲಿ ಮುಸಿಯಗಳನ್ನು ಅಭ್ಯಸಿಸಿದರು. ಹೆಣ್ಣು, ಮರಿಗಳ ಹಿಂಡಿಗೆ ಬಹುಮಟ್ಟಿಗೆ ಒಂದೇ ಪ್ರೌಢ ಗಂಡು ಒಡೆಯ. ಮಿಕ್ಕ ಗಂಡುಗಳು ಬೇರೆ ತಂಡ ಕಟ್ಟಿಕೊಂಡು ಅಲೆಯುತ್ತವೆ. 1962ರಲ್ಲಿ ಅಂಥ ಏಳು ಗಂಡುಗಳು ಒಂದು ಹಿಂಡಿನ ಮೇಲೆ ಬಿದ್ದು ಒಡೆಯನನ್ನು ಓಡಿಸಿದವು. ಬಳಿಕ ಗೆದ್ದವರಲ್ಲೇ ಜಗಳ! ಒಂದು ಗಂಡು ಉಳಿದ ಆರನ್ನೂ ಹೊರಗಟ್ಟಿತು. ಹಿಂಡಿನ ಎಳೆಮರಿಗಳು ಹೊಸ ಒಡೆಯನ ಕಡಿತಕ್ಕೆ ಬಲಿಯಾದವು.

ಇದು ಅಸಹಜ ವರ್ತನೆಯೆಂದು ಹಲವು ವಿದ್ವಾಂಸರು ಮೊದಲಿಗೆ ತಳ್ಳಿಹಾಕಿದರು. 1970ರ ದಶಕದಲ್ಲಿ ರಾಜಸ್ಥಾನದ ಅಬು ಪರ್ವತದಲ್ಲಿ ಮುಸಿಯಗಳನ್ನು ಅಭ್ಯಸಿಸಿದ ಸಾರಾ ಹರ್ಡಿ ಇದಕ್ಕೆ ಕಾರಣ ಸೂಚಿಸಿದರು. ಹಾಲೂಡಿಸುವ ತಾಯಿ ಸಾಮಾನ್ಯವಾಗಿ ಬೆದೆಗೆ ಬರುವುದಿಲ್ಲ. ಮರಿ ಸತ್ತರೆ ಬೇಗ ಬರುತ್ತದೆ. ಹೊಸ ಒಡೆಯನ ಆಳ್ವಿಕೆಯೂ ಶಾಶ್ವತವಲ್ಲ. ಅಷ್ಟರೊಳಗೆ ತನ್ನ ಸಂತಾನ ಬೆಳೆಯಬೇಕು. ಆಫ್ರಿಕದ ಸೆರೆಂಗೆಟಿಯ ಸಿಂಹಗಳಲ್ಲೂ ಇದೇ ನಡೆಯುತ್ತದೆಂದು ಬ್ರಯನ್ ಬರ್ಟ್ರಮ್ 1975ರಲ್ಲಿ ಪ್ರಕಟಿಸಿದರು.

ಒಂದು ವ್ಯತ್ಯಾಸವಂತೂ ಗಮನಾರ್ಹ. ಸಿಂಹಗಳು ಗೆದ್ದ ಮೇಲೂ ಕೂಡಿಯೇ ಸೀಮೆ ಕಾಯುತ್ತವೆ. ದೊಡ್ಡ ತಂಡಗಳಲ್ಲಿ ಅವು ಸಾಮಾನ್ಯವಾಗಿ ಅಣ್ಣತಮ್ಮಂದಿರು, ದಾಯಾದಿಗಳು. ಒಬ್ಬನಿಗೆ ಮರಿಯಾಗದಿದ್ದರೂ ಅಣ್ಣನ ಮರಿಗಳಲ್ಲಿ ತಮ್ಮನ ರಕ್ತವೂ ಇರುತ್ತದೆ. ಧಾರವಾಡದ ಮುಸಿಯಗಳ ಒಗ್ಗಟ್ಟಾದರೋ ಗೆಲ್ಲುವವರೆಗೆ ಮಾತ್ರ.

ಇದರಲ್ಲಿ ಪಾಪ-ಪುಣ್ಯ ಹುಡುಕಬೇಕಾಗಿಲ್ಲ. ಕಲಿಯಬೇಕಾದುದು ನೋಡುವ ತಾಳ್ಮೆಯನ್ನು. ಅಳ್ನಾವರಕ್ಕೆ ಬಂದಾಗ ಪಾಲಕರು ಮಕ್ಕಳ ಕೈಗೆ ಮುಶ್ಯಾಗಳಿಗೆ ಎಸೆಯಲು ಶೇಂಗಾ ಕೊಡುವ ಬದಲು ಒಂದು ನೋಟ್‌ಬುಕ್ ಕೊಡಲಿ. ದೂರದಲ್ಲಿ ಕುಳಿತು ಹಿಂಡಿನಲ್ಲಿ ಗಂಡೆಷ್ಟು, ಹೆಣ್ಣೆಷ್ಟು, ಮರಿಯೆಷ್ಟು ಎಂದು ಬರೆದುಕೊಳ್ಳಲಿ. ಮೂರು ತಿಂಗಳ ನಂತರ ಅದೇ ಹಿಂಡಿನ ಲೆಕ್ಕ ಬದಲಾಗಿದ್ದರೆ, ಏಕೆಂದು ಕೇಳಲಿ.