ಯರಿ ಮಣ್ಣಿನ ಋಣ

ಹೋಟಗಿ ಸುತ್ತಮುತ್ತ ನಮ್ಮದೆಲ್ಲ ಯರಿ ಭೂಮಿ. ಹಿಂಗಾರಿ ಜೋಳದ ನೆಲ. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು, ಮಳೆ ಬಿದ್ದರೆ ಚಪ್ಪಲಿ ಕಿತ್ತುಕೊಳ್ಳುವ ಕೆಸರು. ಈ ಮಣ್ಣಿಗೆ ವಿದ್ಯುತ್ತಿನ ಆವೇಶ ಇದೆ ಅಂದರೆ ಮಕ್ಕಳು ನಗುತ್ತಾರೆ. ಅದಕ್ಕೇ ಅಳೆದು ತೋರಿಸೋಣ ಅಂದುಕೊಂಡೆವು.

ಹಲಗೆಯ ಮೇಲೆ 'ಋಣ ಆವೇಶ' ಅಂತ ಬರೆದ ಕೂಡಲೇ ಒಬ್ಬಳು ಕೇಳಿದಳು, "ಋಣ ಅಂದ್ರ ಸಾಲ ಅಲ್ರೀ ಸರ್?" ಸರಿಯಾಗಿಯೇ ಕೇಳಿದಳು. ಯರಿ ಮಣ್ಣಿನ ಅತಿ ಸಣ್ಣ ಕಣಗಳು ಹೆಚ್ಚಾಗಿ ಮಾಂಟ್‌ಮೊರಿಲ್ಲೊನೈಟ್ ಜಾತಿಯ ಜೇಡಿ. ಅದರ ಪದರುಗಳಲ್ಲಿ ಅಲ್ಯುಮಿನಿಯಂ ಇರಬೇಕಾದ ಕೆಲವು ಕಡೆ ಮೆಗ್ನೀಸಿಯಂ ಕೂತಿರುತ್ತದೆ. ಮೂರು ಧನ ಇರಬೇಕಾದಲ್ಲಿ ಎರಡೇ, ಒಂದು ಬಾಕಿ! ಆ ಬಾಕಿಗಾಗಿ ಕಣವು ಕ್ಯಾಲ್ಸಿಯಂ, ಪೊಟ್ಯಾಶಿಯಂ, ಅಮೋನಿಯಂ ಅಯಾನುಗಳನ್ನು ಮೈಗೆ ಅಂಟಿಸಿಕೊಳ್ಳುತ್ತದೆ. ಬೇರೆಯದು ಹೆಚ್ಚು ಬಂದರೆ ಹಳೆಯದನ್ನು ಬಿಟ್ಟು ಹೊಸದನ್ನು ಹಿಡಿಯುತ್ತದೆ. ಹಾಕಿದ ಪೊಟ್ಯಾಶ್ ಮಳೆಗೆ ಬೇಗ ತೊಳೆದುಹೋಗದೆ ನಿಲ್ಲುವುದು ಇದರಿಂದಲೇ. ನೈಟ್ರೇಟ್ ತಾನೇ ಋಣ, ಅದು ನಿಲ್ಲುವುದಿಲ್ಲ. 1850ರಲ್ಲಿ ಇಂಗ್ಲೆಂಡಿನ ಥಾಮ್ಸನ್ ಮತ್ತು ವೇ ಈ ಅದಲುಬದಲನ್ನು ಪ್ರಕಟಿಸಿದರು. ಅಮೋನಿಯಂ ಸಲ್ಫೇಟ್ ಮಣ್ಣಿನೊಳಗೆ ಇಳಿದು ಕ್ಯಾಲ್ಸಿಯಂ ಸಲ್ಫೇಟಾಗಿ ಹೊರಬಂದಿತ್ತು.

ಇನ್ನು ಅಳತೆ. ಒಂದು ಗ್ರಾಂ ಜರಡಿ ಹಿಡಿದ ಯರಿ ಮಣ್ಣನ್ನು ನೀರಿನಲ್ಲಿ ಕದಡಿ, ಮಿಥಿಲೀನ್ ಬ್ಲೂ ದ್ರಾವಣವನ್ನು ಸ್ವಲ್ಪ ಸ್ವಲ್ಪ ಹಾಕುತ್ತ ಹೋದೆವು. ಈ ಬಣ್ಣದ ಅಯಾನು ಧನ. ಪ್ರತಿ ಸಲ ಕಲಕಿ, ಗಾಜಿನ ಕಡ್ಡಿಯಿಂದ ಒಂದು ಹನಿ ಫಿಲ್ಟರ್ ಪೇಪರಿನ ಮೇಲೆ. ಮೊದಮೊದಲು ನಡುವೆ ಕಡುನೀಲಿ ಮಚ್ಚೆ, ಸುತ್ತ ಬರೀ ನೀರಿನ ಒದ್ದೆ. ಮಣ್ಣಿನ ಹೊಟ್ಟೆ ತುಂಬಿದ ಮೇಲೆ ಮಚ್ಚೆಯ ಸುತ್ತ ತಿಳಿನೀಲಿ ಉಂಗುರ ಮೂಡುತ್ತದೆ. ಕೆಲವು ನಿಮಿಷ ಕಲಕಿ ಮತ್ತೆ ನೋಡಿದರೂ ಉಂಗುರ ಇದ್ದರೆ ನಿಲ್ಲಿಸಬೇಕು. ಮರಳಿಗೆ ಉಂಗುರ ಕೂಡಲೇ ಬಂತು. ಯರಿ ಮಾತ್ರ ಕುಡಿಯುತ್ತಲೇ ಇತ್ತು, ಮಕ್ಕಳು ಎಣಿಸಿ ಎಣಿಸಿ ಸುಸ್ತು!

ಕಪ್ಪು ಮಣ್ಣಿನ ವಿನಿಮಯ ಶಕ್ತಿ ಸಾಮಾನ್ಯವಾಗಿ ನೂರು ಗ್ರಾಮಿಗೆ 30ರಿಂದ 60 ಮಿಲಿ ಇಕ್ವಿವಲೆಂಟ್. 50 ಹಿಡಿದು, ಬಣ್ಣದ ಅಣುಭಾರ 320 ಅಂದರೆ, ಒಂದು ಗ್ರಾಮಿಗೆ 160 ಮಿಲಿಗ್ರಾಂ ಬಣ್ಣ. ಹತ್ತನೆಯವರಿಗೆ ಒಳ್ಳೆಯ ಲೆಕ್ಕ.

ಇದು ಒಟ್ಟು ಬಾಕಿಯ ಅಂದಾಜು ಅಷ್ಟೇ. ಅಂಟಿಕೊಂಡ ಅಯಾನುಗಳು ಸಾಲದ ಬಹುಭಾಗ ಮುಚ್ಚಿರುತ್ತವೆ. ನೀರಿನಲ್ಲಿ ಕಣ ಹೊರಗೆ ತೋರಿಸುವುದನ್ನು ತಿಳಿಯಲು ವಿದ್ಯುತ್ ಹಾಯಿಸಿ ಕಣದ ವೇಗ ನೋಡುತ್ತಾರೆ. ಅದರಿಂದ ಬರುವುದು ಝೀಟಾ ವಿಭವ. ಜೇಡಿಯ ಕಣ ಧನ ತುದಿಯತ್ತ ಸರಿಯುವುದನ್ನು ಮಾಸ್ಕೋದಲ್ಲಿ ರಾಯ್ಸ್ ಎಂಬಾತ 1800ರ ದಶಕದಲ್ಲೇ ಕಂಡಿದ್ದ. ಕಣದ ಅಂಚಿನ ಆವೇಶ ಹುಳಿ-ಕ್ಷಾರಕ್ಕೆ ತಕ್ಕಂತೆ ಬದಲಾಗುತ್ತದೆ. ಆದ್ದರಿಂದ ಪಿಎಚ್ ಬರೆಯದ ಅಳತೆಗೆ ಬೆಲೆಯಿಲ್ಲ.

ಇದೆಲ್ಲ ನಮಗ್ಯಾಕೆ? ಉಪ್ಪು ಬಾವಿನೀರು ಹಾಯಿಸಿ ಹಾಯಿಸಿ ಕ್ಯಾಲ್ಸಿಯಂ ಜಾಗಕ್ಕೆ ಸೋಡಿಯಂ ಬಂದು ಕೂತರೆ ಕಣಗಳು ಬಿಡಿಬಿಡಿಯಾಗುತ್ತವೆ, ನೀರು ಇಂಗುವುದಿಲ್ಲ, ಹೊಲ ಸವಳಾಗುತ್ತದೆ. ಜಿಪ್ಸಂ ಹಾಕುವುದು ಕ್ಯಾಲ್ಸಿಯಂ ವಾಪಸು ತರಲು. ಎಷ್ಟು ಹಾಕಬೇಕು ಅಂತ ಹೇಳಲು ಈ ಬಾಕಿಯ ಲೆಕ್ಕ ಬೇಕೇ ಬೇಕು. ಜೊತೆಗೆ ಅದರಲ್ಲಿ ಸೋಡಿಯಂ ಪಾಲು ಎಷ್ಟು ಅನ್ನುವುದೂ ಬೇಕು. ಅದನ್ನು ನೀಲಿ ಉಂಗುರ ಹೇಳುವುದಿಲ್ಲ, ಮಣ್ಣು ಪರೀಕ್ಷೆಗೇ ಕೊಡಬೇಕು. ಮುಂದಿನ ವಾರ ಮಕ್ಕಳು ತಮ್ಮ ತಮ್ಮ ಹೊಲದ ಮಣ್ಣು ತರುತ್ತಾರೆ. ನೀವೂ ಮಾಡುವುದಾದರೆ ಹಳೆ ಅಂಗಿ ಹಾಕಿಕೊಳ್ಳಿರಿ, ಈ ನೀಲಿ ಸುಲಭಕ್ಕೆ ಹೋಗುವುದಿಲ್ಲ.