ಹಿಡಿ

ಮಚ್ಚು ಕೊಳ್ಳಲು ಬಂದ ಟೀಚರಮ್ಮನನ್ನು ಅಂಗಡಿಯವನು ಒಮ್ಮೆ ಮೇಲಿಂದ ಕೆಳಗೆ ನೋಡುತ್ತಾನೆ. ಸೀರೆ ಕೊಳ್ಳುವಾಗ ನೂಲು, ಅಂಚು, ಸೆರಗು ಎಂದು ನೂರು ಪ್ರಶ್ನೆ ಕೇಳುವ ನಾನು ಅಂದು ಕೇಳಿದ್ದು ಒಂದೇ: "ಎಷ್ಟಪ್ಪಾ ಇದು?" ಬಿ.ಎ., ಬಿ.ಎಡ್. ಓದಿದ್ದರಲ್ಲಿ ಮಚ್ಚು ಆರಿಸುವ ಪಾಠ ಎಲ್ಲಿಯೂ ಇರಲಿಲ್ಲ. ಮೊದಲು ಅಪ್ಪ ತರುತ್ತಿದ್ದರು, ಆಮೇಲೆ ನಮ್ಮ ಯಜಮಾನರು. ಇಬ್ಬರೂ ಇಲ್ಲವಾದ ಮೇಲೆ ಬಬ್ಬೂರಿನ ಎರಡೆಕರೆ ತೆಂಗಿನ ತೋಟದ ಜೊತೆಗೆ ಈ ಕೆಲಸವೂ ನನ್ನ ಪಾಲಿಗೆ ಬಂತು.

ಅದು 2022ರ ಮಳೆಗಾಲ. 1933ರ ನಂತರ ಮೊದಲ ಸಲ ವಾಣಿವಿಲಾಸ ಸಾಗರ ಕೋಡಿ ಬಿದ್ದಿತ್ತು. ಜನ ಜಾತ್ರೆಗೆ ಹೋದಂತೆ ಮಾರಿಕಣಿವೆಗೆ ಹೋಗಿ ಬಂದರು. ನಮ್ಮ ಬೇಲಿಯಲ್ಲಿ ಬಳ್ಳಾರಿ ಜಾಲಿಯೂ ಹಾಗೆಯೇ ನುಗ್ಗಿ ಬೆಳೆಯಿತು. ಅದನ್ನು ಸವರಿಸಲೆಂದೇ ನಾನು ಆ ಮಚ್ಚು ತಂದದ್ದು. ಅಲಗು ಕನ್ನಡಿಯಂತೆ ಹೊಳೆಯುತ್ತಿತ್ತು. ಹಿಡಿಗೆ ಕೆಂಪು ಬಣ್ಣ ಬಳಿದಿದ್ದರು. ಇನ್ನೇನು ಬೇಕು?

ಕೂಲಿಗೆ ಬರುವ ಹೆಂಗಸು ನನಗಿಂತ ಎರಡು ವರ್ಷ ದೊಡ್ಡವಳು. ಅಕ್ಕ ಎಂದೇ ಕರೆಯುತ್ತೇನೆ. ಮೂರನೆಯ ದಿನ ಅವಳು ಜಾಲಿಯ ಬೊಡ್ಡೆಗೆ ಬೀಸಿ ಹೊಡೆದಾಗ ಹಿಡಿ ಕೈಯಲ್ಲೇ ಉಳಿದು ಅಲಗು ಕಳಚಿ ಹಾರಿತು. ಮೊಣಕಾಲಿನ ಕೆಳಗೆ ಸೀಳಿತು. 7 ಹೊಲಿಗೆ ಬಿದ್ದವು, 11 ದಿನ ಅವಳು ಕೆಲಸಕ್ಕೆ ಹೋಗಲಾಗಲಿಲ್ಲ. ಆಸ್ಪತ್ರೆಯ ಖರ್ಚನ್ನೂ ಅಷ್ಟು ದಿನದ ಕೂಲಿಯನ್ನೂ ಕೊಟ್ಟೆ. ಅದು ದೊಡ್ಡ ಮಾತಲ್ಲ. ನೋಡಲು ಹೋದಾಗ ಅಕ್ಕ ಹೇಳಿದಳು: "ನಿಮ್ ಮಚ್ಚು ಚೆನ್ನಾಗೇ ಇತ್ತು ಮೇಡಮ್ಮ, ನನ್ ಕೈಯೇ ಸರಿಯಾಗಿ ಕೂತಿರ್ಲಿಲ್ಲ." ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಈ ಮಾತು ತಡೆಯಲಾಗಲಿಲ್ಲ.

ಅವಳು ಓಡಾಡುವಂತಾದ ಮೇಲೆ ಇಬ್ಬರೂ ಹಿರಿಯೂರಿನ ಒಂದು ಕುಲುಮೆಗೆ ಹೋದೆವು. ಮುದುಕ ಕಮ್ಮಾರ ಮುರಿದ ಮಚ್ಚನ್ನು ತಿರುವಿ ನೋಡಿ, ಹಿಡಿಯೊಳಗೆ ಹೋಗುವ ಕಬ್ಬಿಣದ ಬಾಲವನ್ನು ತೋರಿಸಿದ. ಕಿರುಬೆರಳಿನಷ್ಟೂ ಉದ್ದವಿರಲಿಲ್ಲ. "ಅಲಗು ನೋಡೋಕ್ ಮುಂಚೆ ಹಿಡಿ ನೋಡ್ಬೇಕು ತಾಯಿ" ಎಂದ. ಬಾಲ ಹಿಡಿಯ ಉದ್ದಕ್ಕೂ ಹೋಗಿ ಆಚೆ ತುದಿಯಲ್ಲಿ ಹೊರಬಂದಿರಬೇಕು. ಅಲ್ಲಿ ಮಡಚಿ ಬಡಿದಿರಬೇಕು. ಅಲಗಿನ ಕಡೆ ಹಿಡಿ ಸೀಳದಂತೆ ಕಬ್ಬಿಣದ ಬಳೆ ಇರಬೇಕು. ಮರ ಜಾಲಿಯದೋ ಹುಣಸೆಯದೋ ಆಗಿ ಚೆನ್ನಾಗಿ ಒಣಗಿರಬೇಕು. ಹಸಿ ಮರ ಒಣಗಿದಂತೆ ಕುಗ್ಗಿ ಹಿಡಿತ ಬಿಡುತ್ತದೆ. ಹೊಳಪಿಗೂ ಗಟ್ಟಿತನಕ್ಕೂ ನೆಂಟಸ್ತಿಕೆ ಇಲ್ಲ.

ಆಮೇಲೆ ಅಲಗಿನ ಪಾಠ. ಬರೀ ಮೆದು ಕಬ್ಬಿಣವನ್ನು ಎಷ್ಟು ಕಾಯಿಸಿ ಅದ್ದಿದರೂ ಹದ ನಿಲ್ಲುವುದಿಲ್ಲ. ಅದರಲ್ಲಿ ಇಂಗಾಲ ಸಾಲದು. ಹಳೆಯ ಲಾರಿಯ ಸ್ಪ್ರಿಂಗ್ ಪಟ್ಟಿಯ ಉಕ್ಕಿಗೆ ನಿಲ್ಲುತ್ತದೆ. ಹೆದ್ದಾರಿಯ ಊರಿನಲ್ಲಿ ಅದಕ್ಕೆ ಬರವಿಲ್ಲ. ಅಂಚಿನ ಮೇಲೆ ಅರ ಎಳೆದರೆ ಅದು ಸಲೀಸಾಗಿ ಕಚ್ಚಬಾರದು. ಕಚ್ಚಿದರೆ ಅಂಚು ಮೆದು, ಬೇಗ ಮೊಂಡಾಗುತ್ತದೆ. ಹದ ಅತಿಯಾದರೆ ಅಂಚು ಚಕ್ಕೆ ಏಳುತ್ತದೆ. ಅದಕ್ಕೇ ಅದ್ದಿದ ಮೇಲೆ ಮತ್ತೆ ಹದವಾಗಿ ಕಾಯಿಸಿ, ಉಜ್ಜಿದ ಜಾಗದಲ್ಲಿ ಹುಲ್ಲಿನ ಹಳದಿ ಕಳೆದು ಕಂದು ಬಣ್ಣ ಏರುವುದನ್ನು ಕಾಯುತ್ತಾರೆ. ಬೆನ್ನು ಮಾತ್ರ ಮೆದುವಾಗಿಯೇ ಇರಬೇಕು, ಪೆಟ್ಟು ತಾಳುವುದು ಅದೇ. ಉಗುರಿನಿಂದ ತಟ್ಟಿದರೆ ಸದ್ದು ತಿಳಿಯಾಗಿರಬೇಕು. ಒಡಕು ಸದ್ದು ಬಂದರೆ ಎಲ್ಲೋ ಬಿರುಕಿದೆ.

ನನಗೆ ಶಾಲೆ ನೆನಪಾಯಿತು. ನಮ್ಮ ಜಿಲ್ಲೆಯ ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ 1947ರಲ್ಲಿ ವೀಲರ್ ಅಗೆಸಿದಾಗ ಕಲ್ಗೋರಿಗಳಲ್ಲಿ ಕಬ್ಬಿಣದ ಉಪಕರಣಗಳು ಸಿಕ್ಕವೆಂದು ಎಷ್ಟು ವರ್ಷ ಪಾಠ ಮಾಡಿದ್ದೇನೆ! ಮಕ್ಕಳಿಂದ ಅಲಗಿನ ಚಿತ್ರ ಬರೆಸಿದ್ದೇನೆ. ಮರದ ಹಿಡಿ ಮಣ್ಣಾಗಿ ಹೋಗಿರುತ್ತದೆ, ಹಿಡಿದ ಕೈಯೂ ಅಷ್ಟೇ. ಅವುಗಳ ಬಗ್ಗೆ ನಾನೂ ಕೇಳಲಿಲ್ಲ, ಮಕ್ಕಳೂ ಕೇಳಲಿಲ್ಲ.

ಹೊಸ ಮಚ್ಚು ಸಿದ್ಧವಾದಾಗ ನಾನು ಕೈ ಚಾಚಿದೆ. ಕಮ್ಮಾರ ಕೊಡಲಿಲ್ಲ. "ಹಿಡಿಯೋರು ಯಾರು?" ಎಂದು ಕೇಳಿ ಅಕ್ಕನ ಕೈಗಿತ್ತ. ಅವಳು ಬೀಸಿ ನೋಡಿ, ಹಿಡಿ ದಪ್ಪವಾಯಿತೆಂದಳು. ಅವನು ಕೆತ್ತಿದ. ಮತ್ತೆ ಬೀಸಿದಳು, ಮತ್ತೆ ಕೆತ್ತಿದ. ಮೂವತ್ತು ವರ್ಷ ಇನ್ನೊಬ್ಬರು ತಂದ ಮಚ್ಚು ಹಿಡಿದವಳು ಅಂದೇ ಮೊದಲು ತನಗೆ ಬೇಕಾದಂತೆ ಮಾಡಿಸಿಕೊಂಡದ್ದು. ನಾನು ದುಡ್ಡು ಕೊಟ್ಟೆ.

ಆಯುಧಪೂಜೆಯ ಬೆಳಿಗ್ಗೆ ಕುಂಕುಮ ಹಚ್ಚಲು ಮಚ್ಚು ಹುಡುಕಿದರೆ ಸಿಗಲಿಲ್ಲ. ಅಕ್ಕನನ್ನು ಕೇಳಿದೆ. "ನಮ್ಮನೆ ಪೂಜೆಗೆ ಇಟ್ಟೀನಿ ಮೇಡಮ್ಮ, ಅದು ನನ್ ಕೈಗೆ ಹೊಂದ್ಕಂಡೈತೆ" ಎಂದಳು. ಆ ವರ್ಷ ನಮ್ಮ ಮನೆಯಲ್ಲಿ ಅಮ್ಮನ ಈಳಿಗೆಮಣೆಗೂ ನನ್ನ ಪೆನ್ನಿಗೂ ಪೂಜೆ ಮಾಡಿದೆವು.