ಇಲಿಗೊಂದು ಸಿಟಿ ಸ್ಕ್ಯಾನ್

"ಏನ್ ಕೆಲಸ ನಿಂದು?" ಅಂತ ಯಾರಾದ್ರೂ ಕೇಳಿದಾಗ "ಇಲಿಗಳಿಗೆ ಸಿಟಿ ಸ್ಕ್ಯಾನ್ ಮಾಡ್ತೀನಿ" ಅಂದರೆ ಮೊದಲು ನಗು, ಆಮೇಲೆ "ಬಿಲ್ಲು ಯಾರ ಹೆಸರಿಗೆ?" ಅನ್ನೋ ಪ್ರಶ್ನೆ. ಈ ಜೋಕು ಕೇಳಿ ಕೇಳಿ ಸಾಕಾಗಿದೆ. ಅದಕ್ಕೇ ಇವತ್ತು ಬರೆದೇ ಬಿಡೋಣ ಅಂತ ಕೂತಿದ್ದೀನಿ.

ಎಕ್ಸ್-ರೇಗೆ ಮೂಳೆ ಚೆನ್ನಾಗಿ ಕಾಣುತ್ತೆ. ಆದರೆ ಲಿವರ್, ಗುಲ್ಮ, ಕಿಡ್ನಿ, ಕರುಳು ಎಲ್ಲವೂ ಅದರ ಕಣ್ಣಿಗೆ ಒಂದೇ ಬೂದುಬಣ್ಣದ ಮುದ್ದೆ. ಆಸ್ಪತ್ರೆಯಲ್ಲಿ ಸ್ಕ್ಯಾನಿಗೆ ಮುಂಚೆ ಕೈಗೆ ಚುಚ್ಚುತ್ತಾರಲ್ಲ, "ಸ್ವಲ್ಪ ಬಿಸಿ ಅನ್ನಿಸುತ್ತೆ" ಅಂತ, ಅದು ಅಯೋಡಿನ್ ಇರುವ ಕಾಂಟ್ರಾಸ್ಟ್ ದ್ರಾವಣ. ಭಾರದ ಪರಮಾಣು, ಎಕ್ಸ್-ರೇಯನ್ನು ತಡೆಯುತ್ತೆ. ರಕ್ತ ಹರಿದಲ್ಲೆಲ್ಲ ಬೆಳ್ಳಗೆ ಕಾಣುತ್ತೆ.

ಅದನ್ನೇ ಇಲಿಗೂ ಕೊಟ್ಟರಾಯ್ತಲ್ಲ? ಅಲ್ಲೇ ಇರೋದು ತಮಾಷೆ. ನಮ್ಮ ಬಿಳಿ ಇಲಿ ತೂಗೋದು 25 ಗ್ರಾಂ ಆಸುಪಾಸು. ಮೈಯಲ್ಲಿರೋ ಒಟ್ಟು ರಕ್ತ 2 ಮಿಲಿಲೀಟರ್ ಕೂಡ ಇಲ್ಲ. ಎದೆ ನಿಮಿಷಕ್ಕೆ 500-600 ಸಲ ಬಡಿಯುತ್ತೆ. ಮನುಷ್ಯರ ದ್ರಾವಣ ಕೊಟ್ಟರೆ ಕಿಡ್ನಿ ಕೆಲವೇ ನಿಮಿಷಗಳಲ್ಲಿ ಸೋಸಿ ಹೊರಗೆ ಹಾಕುತ್ತೆ. ಯಂತ್ರ ನಿಧಾನವಾಗಿ ಒಂದು ಸುತ್ತು ಮುಗಿಸುವಷ್ಟರಲ್ಲಿ ಕಿಡ್ನಿ, ಮೂತ್ರಕೋಶ ಜಗಮಗ, ಲಿವರ್ ಮಾತ್ರ ಮತ್ತದೇ ಬೂದು!

ಅದಕ್ಕೆ ಕಿಡ್ನಿಯ ಜರಡಿಯಲ್ಲಿ ಇಳಿಯದಂಥ ದಪ್ಪ ಕಣಗಳನ್ನು ಬಳಸ್ತೀವಿ. ಅವು ರಕ್ತದಲ್ಲಿ ಗಂಟೆಗಟ್ಟಲೆ ಸುತ್ತುತ್ತವೆ. ಕೊನೆಗೆ ಲಿವರಿನ ಕುಫರ್ ಕೋಶಗಳು ಅವನ್ನು ನುಂಗುತ್ತವೆ. ಮನೆಯ ಕಸ ಗುಡಿಸುವ ಕೆಲಸ ಈ ಕೋಶಗಳದ್ದು. ಲಿವರ್ ಬೆಳ್ಳಗಾಗುತ್ತೆ. ಕ್ಯಾನ್ಸರ್ ಗಡ್ಡೆಯಲ್ಲಿ ಸಾಮಾನ್ಯವಾಗಿ ಆ ಕೋಶಗಳಿರಲ್ಲ, ಹಾಗಾಗಿ ಎಳ್ಳುಕಾಳಿನಷ್ಟು ಗಡ್ಡೆಯೂ ಬಿಳಿ ಬಟ್ಟೆ ಮೇಲಿನ ಮಸಿಚುಕ್ಕೆಯ ಹಾಗೆ ಎದ್ದು ಕಾಣುತ್ತೆ. ಮೊದಲ ಸಲ ನೋಡಿದಾಗ ನಿಜಕ್ಕೂ ಮೈ ಜುಮ್ಮೆಂದಿತ್ತು.

ಇಷ್ಟೆಲ್ಲ ಯಾಕೆ ಅಂದರೆ, ಹಳೆ ಪದ್ಧತಿಯಲ್ಲಿ ಒಳಗೆ ನೋಡಬೇಕು ಅಂದರೆ ಕೊಲ್ಲಲೇಬೇಕಿತ್ತು. ಐದು ವಾರದ ಪ್ರಯೋಗ, ವಾರಕ್ಕೆ ಆರು ಇಲಿ ಅಂತಿಟ್ಟುಕೊಳ್ಳಿ, ಮೂವತ್ತಾಯ್ತು. ಈಗ ಅದೇ ಆರನ್ನು ಐದೂ ವಾರ ನೋಡಬಹುದು. 1959ರಲ್ಲಿ ರಸೆಲ್ ಮತ್ತು ಬರ್ಚ್ ಎಂಬಿಬ್ಬರು ಪ್ರಾಣಿಪ್ರಯೋಗದ ಬಗ್ಗೆ ಬರೆದ ಪುಸ್ತಕದಲ್ಲಿ ಹೇಳಿದ ಮೂರು ಮಾತುಗಳಲ್ಲಿ ಇದೂ ಒಂದು: ಸಂಖ್ಯೆ ಕಡಿಮೆ ಮಾಡಿ.

ಆದರೆ ಈ ನೋಟ ಪುಕ್ಕಟೆ ಅಲ್ಲ. 1930-40ರ ದಶಕಗಳಲ್ಲಿ ಥೋರೋಟ್ರಾಸ್ಟ್ ಅಂತ ಒಂದು ಕಾಂಟ್ರಾಸ್ಟ್ ಇತ್ತು, ಥೋರಿಯಂ ಡೈಆಕ್ಸೈಡಿನದು. ಕೊಡುತ್ತಿದ್ದದ್ದು ಮನುಷ್ಯರಿಗೆ. ಚಿತ್ರ ಸೊಗಸಾಗಿ ಬರ್ತಿತ್ತು. ಇದೇ ಕುಫರ್ ಕೋಶಗಳು ಅದನ್ನೂ ನುಂಗಿದವು, ಬಿಡಲೇ ಇಲ್ಲ. ಥೋರಿಯಂ ವಿಕಿರಣಶೀಲ. ದಶಕಗಳ ನಂತರ ಆ ಜನರಲ್ಲಿ ಲಿವರ್ ಕ್ಯಾನ್ಸರ್ ಕಾಣಿಸಿಕೊಳ್ತು. ನಮ್ಮ ಕಣಗಳು ವಿಕಿರಣಶೀಲ ಅಲ್ಲ, ನಿಜ. ಆದರೂ ಕೆಲವು ಜಾತಿಯವು ತಿಂಗಳುಗಟ್ಟಲೆ ಲಿವರಿನಲ್ಲೇ ಕೂತಿರುತ್ತವೆ. ಜೊತೆಗೆ ಪ್ರತಿ ಸ್ಕ್ಯಾನಿನ ಎಕ್ಸ್-ರೇ ಬೇರೆ. ಐದನೇ ವಾರ ಗಡ್ಡೆ ಕುಗ್ಗಿದ್ದರೆ ಅದು ಔಷಧಿಯಿಂದಲೋ, ನಾವು ಪದೇಪದೇ ಇಣುಕಿದ್ದರಿಂದಲೋ? ಇದನ್ನು ತಿಳಿಯೋಕೆ ಔಷಧಿಯಿಲ್ಲದೆ ಬರೀ ಕಾಂಟ್ರಾಸ್ಟ್ ಮತ್ತು ಸ್ಕ್ಯಾನ್ ಪಡೆಯುವ ಇನ್ನೊಂದು ಗುಂಪು ಬೇಕು. ಅಂದರೆ ಇನ್ನೂ ಆರು ಇಲಿ. ಮೂವತ್ತು ಆರಕ್ಕಿಳಿಯಿತು ಅಂತ ಬೀಗುವವರು ಈ ಲೆಕ್ಕ ಹೇಳಲ್ಲ ಬಿಡಿ.

ಅರಿವಳಿಕೆಯಲ್ಲಿ ಇಲಿ ಕಣ್ಣು ಮಿಟುಕಿಸಲ್ಲ, ಹಾಗಾಗಿ ಒಣಗದಿರಲಿ ಅಂತ ಕಣ್ಣಿಗೆ ಮುಲಾಮು ಸವರ್ತೀವಿ. ಮೈ ಬೇಗ ತಣ್ಣಗಾಗುತ್ತೆ, ಅದಕ್ಕೆ ಕೆಳಗೆ ಬೆಚ್ಚನೆ ಹಾಸು. ಎಚ್ಚರವಾದಾಗ ಮೊದಲು ಮೀಸೆ ಅಲುಗುತ್ತೆ, ಆಮೇಲೆ ಎದ್ದು ತೂರಾಡುತ್ತಾ ಮುಖ ತೊಳೆದುಕೊಳ್ಳೋಕೆ ಶುರು. ನಾಲ್ಕು ವಾರ ಹೀಗೆ. ಐದನೇ ವಾರ ಸ್ಕ್ಯಾನ್ ಆದಮೇಲೆ ಎಬ್ಬಿಸಲ್ಲ. ಚಿತ್ರದಲ್ಲಿ ಕಂಡದ್ದು ನಿಜಾನಾ ಅಂತ ಲಿವರನ್ನು ತೆಳ್ಳಗೆ ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡಲೇಬೇಕು.